ಖಿಚಡಿ ಉಂಡು ಕೊಂಡ ಷೇರು

ಕಮಲಾಪುರದ ಭಾಗ್ಯಜ್ಯೋತಿ ಮಾತಿನಲ್ಲಿ ಸೋತದ್ದನ್ನು ಕಂಡವರಿರಲಿಲ್ಲ. ಚಿಕ್ಕವಳಿದ್ದಾಗಲೇ ಓಣಿಯ ಹೆಂಗಸರು ಸಂತೆಗೆ ಹೊರಟರೆ ಅವಳನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಬದನೆಕಾಯಿ ಮಾರುವವನ ಎದುರು ಅವಳನ್ನು ನಿಲ್ಲಿಸಿ ತಾವು ಪಕ್ಕದಲ್ಲಿ ನಗುತ್ತಾ ನಿಂತರೆ ಸಾಕು, ರೇಟು ಇಳಿಯುತ್ತಿತ್ತು. ಅಪ್ಪ ಭೀಮಶಾ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. "ಕಂಬ ಏರಿ ಕರೆಂಟ್ ಜೋಡಿ ಜಗಳಾಡಬಹುದು, ಈಕಿ ಜೋಡಿ ಆಗಂಗಿಲ್ಲ" ಎನ್ನುತ್ತಿದ್ದ.

ಅವಳು ಕಲಬುರಗಿಯ ಒಂದು ಕಾಲೇಜಿನಲ್ಲಿ ಬಿಬಿಎ ಸೇರಿ, ದಿನಾ ಬಸ್ಸಿನಲ್ಲಿ ಓಡಾಡಿ, ಕೊನೆಯ ವರ್ಷಕ್ಕೆ ಫೈನಾನ್ಸ್ ವಿಷಯ ತೆಗೆದುಕೊಂಡಳು. ಅದೇ ವರ್ಷ ಕಾಲೇಜಿನಲ್ಲಿ ಹೊಸದೊಂದು ಶುರುವಾಯಿತು. ಹಳೆಯ ವಿದ್ಯಾರ್ಥಿಗಳು ಸೇರಿ ಒಂದಿಷ್ಟು ಹಣ ಕೂಡಿಸಿ ಕೊಟ್ಟಿದ್ದರು. ಅದನ್ನು ಷೇರು ಪೇಟೆಯಲ್ಲಿ ಹೂಡುವವರು ಮೇಷ್ಟ್ರುಗಳಲ್ಲ, ಫೈನಾನ್ಸ್ ವಿದ್ಯಾರ್ಥಿಗಳೇ. ಖಾತೆ ಕಾಲೇಜಿನ ಟ್ರಸ್ಟ್ ಹೆಸರಿನಲ್ಲಿ, ಸಹಿ ಫೈನಾನ್ಸ್ ಕಲಿಸುವ ಆನಂದಕುಮಾರ ಸರ್ ಅವರದು, ನಿರ್ಧಾರ ಮಾತ್ರ ಕ್ಲಾಸಿನದು. ಯಾವುದಾದರೂ ಕಂಪನಿಯ ಷೇರು ಕೊಳ್ಳಬೇಕು ಅನ್ನಿಸಿದವರು ಎಲ್ಲರೆದುರು ನಿಂತು ಯಾಕೆ ಅಂತ ಹೇಳಬೇಕು, ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು, ಕೊನೆಗೆ ಕೈ ಎತ್ತಿಸಿ ವೋಟು. ಲಾಭ ಬಂದರೆ ಹಣ ಕಟ್ಟಲಾಗದ ಕಿರಿಯ ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕಕ್ಕೆ.

ಸುದ್ದಿ ಕಮಲಾಪುರ ಮುಟ್ಟುವಷ್ಟರಲ್ಲಿ ಉಬ್ಬಿ ಬೇರೆಯೇ ಆಗಿತ್ತು. ಭೀಮಶಾನ ಮಗಳ ಕೈಯಲ್ಲಿ ಕಾಲೇಜಿನ ಖಜಾನೆಯೇ ಇದೆ ಎಂದಾಯಿತು. ಎದುರು ಮನೆಯ ಶಿವಕಾಂತಮ್ಮ ಬಂದು ಕೂತಳು.

"ಯವ್ವಾ, ಒಂದು ಎಮ್ಮಿ ನೋಡೀನಿ. ನಿಮ್ಮ ಕಾಲೇಜಿನ್ಯಾಗ ಹೇಳಿ ರೊಕ್ಕ ಕೊಡಸ್ತೀಯೇನು?"

"ಅತ್ತಿ, ಅದು ಎಮ್ಮಿಗಿ ಕೊಡೂ ರೊಕ್ಕ ಅಲ್ಲ. ಕಂಪನಿ ಷೇರ್ ತಗೊಳ್ಳಾಕಷ್ಟೇ."

"ಎಮ್ಮಿ ಹಾಲರ ಕೊಡ್ತದ. ನಿನ್ನ ಕಂಪನಿ ಏನು ಕೊಡ್ತದ?"

ಭಾಗ್ಯಜ್ಯೋತಿ ನಕ್ಕು ಕೈಮುಗಿದು ಅವಳನ್ನು ಕಳಿಸಿದಳು. ಇನ್ನೊಬ್ಬರು ಬಂದು ನಮ್ಮೂರ ಕೆಂಪು ಬಾಳೆಹಣ್ಣಿಗೆ ಷೇರು ಹಚ್ಚು ಎಂದರು. ಅವರನ್ನೂ ಹಾಗೇ ಕಳಿಸಿದಳು.

ತಾನು ಯಾವ ಕಂಪನಿ ಹೇಳಬೇಕು ಎಂಬ ಚಿಂತೆ ಹತ್ತಿತು. ಕ್ಲಾಸಿನ ಹೂಡಿಕೆ ತಂಡದ ನಾಯಕ ಕಪಿಲ ಸಿಮೆಂಟು ಕಂಪನಿಯೊಂದನ್ನು ಹೇಳಿ ವೋಟು ಗೆದ್ದಿದ್ದ. ಅವಳ ಬೆಂಚಿನಲ್ಲೇ ಕೂರುವ ಹಾಜಿರಾ ಔಷಧ ಕಂಪನಿಯೊಂದನ್ನು ಅಂಕಿಅಂಶ ಹಿಡಿದು ಸದ್ದಿಲ್ಲದೆ ಗೆದ್ದಿದ್ದಳು. ಒಂದು ಸಂಜೆ ಅಡುಗೆಮನೆಯಲ್ಲಿ ಅವ್ವ ಬಂಡಮ್ಮನ ಕುಕ್ಕರ್ ಸೀಟಿ ಹೊಡೆಯಿತು. ಅವಳು ತಿರುಗಿ ನೋಡಿದಳು. ತನ್ನ ನೆನಪು ಶುರುವಾದಾಗಿನಿಂದ ಅದೇ ಕುಕ್ಕರ್. ಶಿವಕಾಂತಮ್ಮನ ಮನೆಯಲ್ಲೂ ಅದೇ ಕಂಪನಿಯದು, ಓಣಿಯ ಮನೆಮನೆಯಲ್ಲೂ ಅದೇ. ಇಂಥ ಕಂಪನಿ ಬಿಟ್ಟು ಬೇರೆ ಯಾವುದು ಬೇಕು!

ಮರುವಾರ ಅವಳು ಕುಕ್ಕರನ್ನೇ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದಳು. ಕಂಡಕ್ಟರ್ ಚೀಲದೊಳಗೆ ಬಗ್ಗಿ ನೋಡಿದ.

"ಹೆಣ್ಮಕ್ಕಳಿಗಿ ಫ್ರೀ ಅದ. ಕುಕ್ಕರಿಗಿ ಹ್ಯಾಂಗ ಮಾಡ್ಲವ್ವಾ?"

"ಅದೂ ಹೆಣ್ಮಕ್ಕಳದೇ ಅದರಿ" ಎಂದಳು. ಬಸ್ಸೆಲ್ಲ ನಕ್ಕಿತು.

ಕ್ಯಾಂಟೀನಿನವರನ್ನು ಒಲಿಸಿ ಸಣ್ಣ ಗ್ಯಾಸ್ ಒಲೆಯೊಂದನ್ನು ಕ್ಲಾಸಿಗೆ ತಂದಳು. ಮೇಜಿನ ಮೇಲೆ ಖಿಚಡಿ ಕುದಿಯುತ್ತಿದ್ದಂತೆ ಅವಳ ಭಾಷಣ ನಡೆಯಿತು. ಕಂಪನಿಗೆ ಸಾಲವಿಲ್ಲ, ಹೆಸರು ಹಳೆಯದು, ಸಾಮಾನು ಗಟ್ಟಿ. "ನಮ್ಮವ್ವ ಇದರಾಗ ಅಡಗಿ ಮಾಡೇ ನನ್ನ ಇಷ್ಟು ದೊಡ್ಡಾಕಿ ಮಾಡ್ಯಾಳ. ಇವತ್ತಿನ ತನ ಒಂದು ದಿನ ಕೆಟ್ಟಿಲ್ಲ" ಎನ್ನುವಾಗಲೇ ಸೀಟಿ ಕೂಗಿತು. ಕ್ಲಾಸು ಚಪ್ಪಾಳೆ ತಟ್ಟಿತು.

ಹಿಂದಿನ ಬೆಂಚಿನಿಂದ ಹಾಜಿರಾ ಎದ್ದಳು. "ಒಂದು ಕೇಳ್ಲಿ? ಕೆಡೋದೇ ಇಲ್ಲಂದ್ರ ನಿಮ್ಮವ್ವ ಎರಡನೇದು ಯಾವಾಗ ತಗೋತಾರ?"

ಸುಮ್ಮನಿರುವುದು ಭಾಗ್ಯಜ್ಯೋತಿಗೆ ಬರುತ್ತಿರಲಿಲ್ಲ. "ಯಾಕ, ನಿಮ್ಮ ಮನ್ಯಾಗ ತಿಂಗಳಿಗೊಂದು ಕುಕ್ಕರ್ ಒಡೀತೀರೇನು?" ಎಂದುಬಿಟ್ಟಳು. ಎಲ್ಲರೂ ಘೊಳ್ಳೆಂದು ನಕ್ಕರು. ಹಾಜಿರಾ ಕೂತಳು. ತಟ್ಟೆಗಳು ಬಂದವು, ಖಿಚಡಿ ಖಾಲಿಯಾಯಿತು, ತುಪ್ಪ ಹತ್ತಿದ ಕೈಗಳೇ ಮೇಲೆದ್ದವು. ಪ್ರಸ್ತಾವ ಗೆದ್ದಿತು. ಹಾಜಿರಾ ಮಾತ್ರ ಉಣ್ಣಲೂ ಇಲ್ಲ, ಕೈ ಎತ್ತಲೂ ಇಲ್ಲ. ಮರುದಿನದಿಂದ ಬೇರೆ ಬೆಂಚಿನಲ್ಲಿ ಕೂರತೊಡಗಿದಳು.

ಷೇರು ಮೊದಲ ವಾರ ನಿಂತಲ್ಲೇ ನಿಂತಿತು. ಆಮೇಲೆ ಮೆಟ್ಟಿಲಿಳಿಯುವ ಮುದುಕಿಯಂತೆ ನಿಧಾನಕ್ಕೆ ಇಳಿಯತೊಡಗಿತು. ಕಂಪನಿಯ ಮಾರಾಟ ಕುಸಿದಿದೆ ಎಂಬ ಸುದ್ದಿಯೂ ಬಂತು. ಭಾಗ್ಯಜ್ಯೋತಿ ಬಸ್ಸಿನಲ್ಲಿ ಮೊಬೈಲ್ ತೆರೆಯುವುದು, ಮುಖ ಸಣ್ಣಗೆ ಮಾಡಿ ಮುಚ್ಚುವುದು. ಕೊನೆಗೆ ತಾನೇ ಮಾರಾಟ ಏರಿಸುತ್ತೇನೆ ಎಂಬ ಹುಚ್ಚು ಹತ್ತಿತು.

"ಯವ್ವಾ, ಹೊಸಾ ಕುಕ್ಕರ್ ತಗೋ ಬೇ."

ಬಂಡಮ್ಮ ಕಣ್ಣರಳಿಸಿದಳು. "ಇದಕ್ಕೇನಾಗ್ಯಾದ?"

"ಏನೂ ಆಗಿಲ್ಲ."

"ಮತ್ತ್ಯಾಕ?"

ಶಿವಕಾಂತಮ್ಮನ ಮನೆಗೆ ಹೋದಳು. "ನನ್ನ ಮದಿವ್ಯಾಗ ನಮ್ಮಣ್ಣ ಕೊಟ್ಟಿದ್ದು, ಇನ್ನಾ ಕಲ್ಲಿನಂಗ ಗಟ್ಟಿ ಅದ ನೋಡು" ಎಂದು ಶಿವಕಾಂತಮ್ಮ ಕುಕ್ಕರನ್ನು ಬೆರಳಿನಿಂದ ಬಾರಿಸಿ ತೋರಿಸಿದಳು. ಮೂಲೆ ಮನೆಯ ಇಮಾಮಬಿ ಇನ್ನೂ ಹೆಮ್ಮೆಯಿಂದ, ಅತ್ತೆಯ ಕುಕ್ಕರನ್ನೇ ತಾನು ಬಳಸುತ್ತಿದ್ದೇನೆ, ಮಗಳಿಗೂ ಅದನ್ನೇ ಕೊಡುತ್ತೇನೆ ಎಂದಳು. ಬಾಯಿಮಾತಿನಲ್ಲಿ ಸಂತೆಯನ್ನೇ ಗೆದ್ದವಳಿಗೆ ಇಡೀ ಓಣಿಯಲ್ಲಿ ಒಂದು ಕುಕ್ಕರ್ ಮಾರಲಾಗಲಿಲ್ಲ. ಇಮಾಮಬಿಯ ಕಟ್ಟೆಯ ಮೇಲೆ ಕೂತಾಗ ಹಾಜಿರಾಳ ಪ್ರಶ್ನೆ ಪೂರ್ತಿ ಅರ್ಥವಾಯಿತು. ಮೊದಲು ನಗು ಬಂತು. ಆಮೇಲೆ, ಆ ದಿನ ತಾನು ನಗಿಸಿದ್ದು ನೆನಪಾಗಿ ಮುಖ ಬಿಸಿಯಾಯಿತು.

ರವಿವಾರ ಕಲಬುರಗಿಯ ಐವಾನ್-ಎ-ಶಾಹಿ ಬಳಿಯ ಹಾಜಿರಾಳ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆರೆದವರು ಅವಳ ತಾಯಿ ಮುನೀರಾ.

"ನೀನೇ ಏನು ಕುಕ್ಕರ್ ಹುಡುಗಿ?" ಎಂದರು. ಭಾಗ್ಯಜ್ಯೋತಿ ನೆಲ ನೋಡಿದಳು. "ಬಾ ಬೇಟಾ, ಒಳಗ ಬಾ. ನಮ್ಮ ಮನ್ಯಾಗಿಂದು ಇನ್ನಾ ಒಡದಿಲ್ಲ."

ಹಾಜಿರಾ ಹೊರಬಂದು ಗೋಡೆಗೆ ಒರಗಿ ನಿಂತಳು.

"ನೀ ಕೇಳಿದ್ದು ಖರೇ ಇತ್ತು" ಎಂದಳು ಭಾಗ್ಯಜ್ಯೋತಿ. "ನನಗ ಉತ್ತರ ಬರಲಿಲ್ಲ, ಅದಕ್ಕ ನಗಸಿದೆ. ತಪ್ಪಾತು."

"ಖಿಚಡಿ ಹ್ಯಾಂಗಿತ್ತು?"

"ಛಲೋ ಇತ್ತು."

"ನನಗ ಗೊತ್ತಿತ್ತು. ವಾಸನಿಗೇ ಹೊಟ್ಟಿ ಚುರ್ ಅಂದಿತ್ತು. ಹಠಕ್ಕ ಬಿದ್ದು ಉಪಾಸ ಕೂತೆ" ಎಂದು ಹಾಜಿರಾ ನಕ್ಕಳು.

ಆ ಮಧ್ಯಾಹ್ನ ಇಬ್ಬರೂ ಊರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಗೆ ಹೋದರು. ಆಟೋಗಳ ನಡುವೆ ನುಸುಳಿ ಒಂದೊಂದೇ ಭಾಂಡೆ-ಪಾತ್ರೆ ಅಂಗಡಿಯ ಎದುರು ನಿಂತು ಜನ ಏನು ಕೊಳ್ಳುತ್ತಾರೆಂದು ನೋಡಿದರು. ಹೊಸ ಸಂಸಾರದವರು ಬಟನ್ ಒತ್ತಿದರೆ ಅನ್ನವಾಗುವ ಕರೆಂಟಿನ ಕುಕ್ಕರ್ ಕೇಳುತ್ತಿದ್ದರು. ಹಳೆಯ ಕಂಪನಿಯದಕ್ಕೆ ಬಂದವರು ರಬ್ಬರ್ ರಿಂಗ್ ಕೊಂಡು ಹೋಗುತ್ತಿದ್ದರು. "ಏನು ಬೇಕವ್ವಾ, ಆಗಿಂದ ತಿರಗಾಕತ್ತೀರಿ?" ಎಂದು ಒಬ್ಬ ಅಂಗಡಿಯವನು ಗದರಿದ ಮೇಲೆ ಒಂದು ಚಮಚ ಕೊಂಡು ಹೊರಬಂದರು.

ಮುಂದಿನ ಸಭೆಯಲ್ಲಿ ಭಾಗ್ಯಜ್ಯೋತಿ ತಾನೇ ಎದ್ದು, ತನ್ನ ಕುಕ್ಕರ್ ಕಂಪನಿಯ ಷೇರನ್ನು ಮಾರಬೇಕು ಎಂದಳು. ಕಪಿಲ ಒಪ್ಪಲಿಲ್ಲ. "ಸ್ವಲ್ಪ ತಡಿ, ಮ್ಯಾಲ ಬರ್ತದ. ಈಗ ಮಾರಿದ್ರ ನಷ್ಟ ಖಾಯಂ ಆಗ್ತದ." ಅಷ್ಟರಲ್ಲಿ ಹಾಜಿರಾ ಎದ್ದು, ಮಾರಬಾರದು ಎಂಬ ಪಕ್ಷ ಹಿಡಿದು ಪ್ರಶ್ನೆಗಳ ಮಳೆಗರೆದಳು.

"ನೀ ನನ್ನ ಕಡಿ ಇದ್ದಿಲ್ಲೇನು?" ಭಾಗ್ಯಜ್ಯೋತಿ ಕಣ್ಣು ಕಣ್ಣು ಬಿಟ್ಟಳು.

"ನಿನ್ನ ಕಡೀನೇ ಇದ್ದೀನಿ. ಅದಕ್ಕೇ ಕೇಳಾಕತ್ತೀನಿ."

ಭಾಗ್ಯಜ್ಯೋತಿ ಈ ಸಲ ಯಾರನ್ನೂ ನಗಿಸಲಿಲ್ಲ. ಕಂಡದ್ದನ್ನು, ಕೇಳಿದ್ದನ್ನು ಒಂದೊಂದಾಗಿ ಹೇಳಿದಳು. ಕೆಲವೇ ಕೈಗಳ ಅಂತರದಲ್ಲಿ ಮಾರುವ ನಿರ್ಧಾರ ಗೆದ್ದಿತು. ಮಾರಿದ ಮರುವಾರವೇ ಷೇರು ತುಸು ಮೇಲೆದ್ದಿತು. ಕಪಿಲ ಅದನ್ನು ದಿನಾ ಬೋರ್ಡಿನ ಮೇಲೆ ಬರೆದು ಅವಳನ್ನು ಕಾಡಿದ. ಆಮೇಲೆ ಅದು ಮತ್ತೆ ಇಳಿಯಿತು. ಆಗ ಬೋರ್ಡು ಒರೆಸಿದವನೂ ಅವನೇ.

ವರ್ಷದ ಕೊನೆಗೆ ಹಣ ಕೊಟ್ಟ ಹಳೆಯ ವಿದ್ಯಾರ್ಥಿಗಳು ಲೆಕ್ಕ ಕೇಳಲು ಬಂದರು. ನಷ್ಟದ ಭಾಗವನ್ನು ತಾನೇ ಹೇಳುತ್ತೇನೆಂದು ಭಾಗ್ಯಜ್ಯೋತಿ ಎದ್ದಳು. ಕುಕ್ಕರ್, ಕಂಡಕ್ಟರ್, ಇಮಾಮಬಿ, ಯಾವುದನ್ನೂ ಬಿಡದೆ ಹೇಳಿದಳು. ಮುಂದಿನ ಸಾಲಿನ ಹಿರಿಯರೊಬ್ಬರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಏನು ಕಲತಿ ತಂಗಿ?"

"ಉಂಡು ವೋಟು ಹಾಕಬಾರದ್ರಿ ಸರ್."

ಆನಂದಕುಮಾರ ಸರ್ ತಲೆ ತಗ್ಗಿಸಿದರು. ಆ ದಿನ ಎರಡು ತಟ್ಟೆ ತಿಂದವರು ಅವರೇ. ಸಿಮೆಂಟು, ಔಷಧಗಳು ಕೈಹಿಡಿದಿದ್ದರಿಂದ ಒಟ್ಟಿನಲ್ಲಿ ಸಣ್ಣ ಲಾಭವೇ ಉಳಿದು, ಕೆಲವು ಕಿರಿಯರ ಪರೀಕ್ಷಾ ಶುಲ್ಕ ಸಂದಾಯವಾಯಿತು.

ಭಾಗ್ಯಜ್ಯೋತಿ ಈಗ ಕಲಬುರಗಿಯ ಕುಸನೂರಿನಲ್ಲಿ ರೂಮು ಮಾಡಿಕೊಂಡು ವಿಶ್ವವಿದ್ಯಾಲಯದಲ್ಲಿ ಎಂ.ಕಾಂ ಓದುತ್ತಿದ್ದಾಳೆ. ಆಗಾಗ ಹಳೆಯ ಕಾಲೇಜಿನ ಷೇರು ಸಭೆಗೆ ಹೋಗಿ ಹಿಂದೆ ಕೂರುತ್ತಾಳೆ. ಕಲಿತು ಹೊರಬಿದ್ದವಳಾದ್ದರಿಂದ ಅಲ್ಲಿ ಅವಳಿಗೆ ಮಾತಾಡುವ ಹಕ್ಕಿಲ್ಲ. ಅದೇ ಅವಳಿಗೆ ದೊಡ್ಡ ಶಿಕ್ಷೆ. ಮೊನ್ನೆ ಈ ವರ್ಷದ ಕಾವೇರಿ ಎಂಬ ಹುಡುಗಿ ಗೇಟಿನ ತನಕ ಹಿಂದೆ ಬಂದಳು.

"ಅಕ್ಕಾ, ನಾ ಆರಿಸಿದ ಕಂಪನಿ ಛಲೋ ಅದ ಏನ್ರಿ?"

"ನನಗ ಕೇಳಬ್ಯಾಡ. ಕ್ಲಾಸಿನ್ಯಾಗ ನಿನ್ನ ಜೋಡಿ ಯಾವಾಗ್ಲೂ ಕಾದಾಡೋಳು ಒಬ್ಬಾಕಿ ಇರಬೇಕಲ್ಲ?"

"ಸಿದ್ರಾ. ಆಕಿ ಜೋಡಿ ಮಾತು ಬಿಟ್ಟೀನ್ರಿ."

"ಹಂಗಾದ್ರ ಇವತ್ತೇ ಆಕಿ ಮನಿಗಿ ಹೋಗಿ ಆಕಿನ್ನೇ ಕೇಳು" ಎಂದು ಭಾಗ್ಯಜ್ಯೋತಿ ಆಟೋಗೆ ಕೈ ಮಾಡಿದಳು.