ಪಂಜಾಕ್ಕೆ ಸಿಕ್ಕ ಏಳು ಲಿಂಬೆ ಗಿಡ

ಆ ಪಂಜಾಕ್ಕೆ ನಾನು ಕೊಟ್ಟದ್ದು ಒಂದು ಲಕ್ಷ ಅರವತ್ತು ಸಾವಿರ. ಮುಧೋಳದ ವರ್ಕ್‌ಶಾಪಿನವನು ಹೇಳಿದ್ದು ಎರಡೂ ಕಾಲು ಲಕ್ಷ. ಅರವತ್ತೈದು ಸಾವಿರ ಇಳಿದದ್ದು ಯಾಕೆಂದರೆ, ನಾನು ಮೊದಲು ಪಂಜಾವನ್ನು ನೋಡಲಿಲ್ಲ, ಅದರ ಮೇಲೆ ಕೂತ ಧೂಳನ್ನು ನೋಡಿದೆ. ಮಾಡಿಸಿದವನು ಒಯ್ಯದೆ ಬಿಟ್ಟು ಹೋದ ಮಾಲು ಅದು; ತಿಂಗಳುಗಟ್ಟಲೆ ಜಾಗ ತಿನ್ನುತ್ತ ಬಿದ್ದಿತ್ತು. ನನ್ನ ದರ ಒಂದು ಸಲ ಹೇಳಿ ಚಹಾ ತರಿಸಿಕೊಂಡು ಸುಮ್ಮನೆ ಕೂತೆ. ಚೌಕಾಸಿಯಲ್ಲಿ ಸುಮ್ಮನೆ ಕೂಡುವುದು ಕಲಿತವನಿಗೆ ಬೇರೆ ವಿದ್ಯೆ ಬೇಕಿಲ್ಲ. ಹದಿನೇಳು ವರ್ಷ ಬನಹಟ್ಟಿಯಲ್ಲಿ ಬೇರೆಯವರ ಮಗ್ಗ ನಡೆಸಿ ನಾನು ಉಳಿಸಿಕೊಂಡದ್ದು ಅದೊಂದೇ.

ಪಂಜಾ ಎಂದರೆ ಸಣ್ಣ ಲೋಡರ್‌ನ ಬಕೆಟ್ ಬಿಚ್ಚಿ ಆ ಜಾಗಕ್ಕೆ ಹಾಕುವ ಕಬ್ಬಿಣದ ಕೈ. ಕೆಳಗೆ ಮಣ್ಣಿಗೆ ಇಳಿಯುವ ಹಲ್ಲು, ಮೇಲೆ ಬೊಡ್ಡೆಯನ್ನು ಕಚ್ಚಿ ಹಿಡಿಯುವ ದವಡೆ. ದೊಡ್ಡ ಮಷಿನ್ ಹೋಗದ ಸಂದಿಯಲ್ಲಿ ಸಣ್ಣ ಲೋಡರ್ ಹೋಗುತ್ತದೆ, ನಿಂತಲ್ಲೇ ತಿರುಗುತ್ತದೆ. ತೊಡೆ ಗಾತ್ರದ ಗಿಡವನ್ನು ಬೇರುಸಹಿತ ಕೀಳಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು. ಜಮಖಂಡಿಯಿಂದ ಬೀಳಗಿಯ ತನಕ, ಹೊಳೆದಂಡೆಯ ಹೊಲಗಳಲ್ಲಿ ಹಬ್ಬಿದ ಜಾಲಿಕಂಟಿ ತೆಗೆಯಲು ಈಗ ನನ್ನನ್ನೇ ಕರೆಯುತ್ತಾರೆ. ನಾನೇ ನಡೆಸುತ್ತೇನೆ, ಡ್ರೈವರ್ ಇಟ್ಟರೆ ಹಲ್ಲು ಮುರಿಯುತ್ತದೆ.

ಎರಡು ಬೇಸಿಗೆಯ ಹಿಂದೆ ಚಿಮ್ಮಡದ ಕಡೆಯ ಒಬ್ಬ ರೈತ ಫೋನ್ ಮಾಡಿದ. ಒಂದು ಎಕರೆ ಜಾಲಿ, ಜೊತೆಗೆ ಬದುವಿನ ಮೇಲೆ ಏಳು ಗಿಡ. ಯಾವ ಗಿಡ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಷಿನ್ ಇಳಿಸುತ್ತಿದ್ದಂತೆ ಅವನ ಅಕ್ಕ ತಾಟು ಹಿಡಿದು ಬಂದಳು. ಐವತ್ತು ದಾಟಿದ ಹೆಂಗಸು. ಪಂಜಾಕ್ಕೆ ಅರಿಶಿನ ಕುಂಕುಮ ಹಚ್ಚಿ, ನಮ್ಮ ಕಡೆ ಮಾಡುವಂತೆ ನಾಲ್ಕು ಗಾಲಿಗಳ ಕೆಳಗೆ ನಾಲ್ಕು ಲಿಂಬೆಹಣ್ಣು ಇಟ್ಟಳು. ತೆಳು ಸಿಪ್ಪೆಯ, ರಸ ತುಂಬಿದ ಹಣ್ಣು.

"ಛಲೋ ಹಣ್ಣು ಅದಾವಲ್ರಿ ಅಕ್ಕಾರ, ಸಂತ್ಯಾಗ ತಂದ್ರೇನು?"

"ಸಂತಿಗೆ ನಾನs ಒಯ್ತೀನಿ ಅಣ್ಣಾ, ತರೂದ್ಯಾಕ? ಬದುವಿನ ಮ್ಯಾಲ ಏಳು ಗಿಡ ಅದಾವಲ್ಲ, ಅವು ನನ್ನವs."

ನಾನು ತಮ್ಮನ ಮುಖ ನೋಡಿದೆ. ಅವನು ಮೊಬೈಲ್ ನೋಡುತ್ತಿದ್ದ. ಕೀಲಿ ತಿರುಗಿಸಿದೆ. ಹಣ್ಣು ನಾಲ್ಕೂ ಒಡೆದವು, ಆಕೆ ಮಷಿನ್ನಿಗೆ ಕೈಮುಗಿದಳು.

ಮಧ್ಯಾಹ್ನದ ತನಕ ಜಾಲಿ ತೆಗೆದೆ. ಊಟ ಆಕೆಯದೇ: ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಹಿಂಡಿ. ನೀಡುತ್ತ ನೀಡುತ್ತ ತಾನಾಗಿಯೇ ಹೇಳಿದಳು. ಮದುವೆಯಾದ ವರ್ಷದೊಳಗೆ ಗಂಡ ಬಿಟ್ಟ, ತವರಿಗೆ ಬಂದಳು. ಅಪ್ಪ ಸತ್ತ ಮೇಲೆ ಪಂಚರು ಕೂತು ಹೊಲ ತಮ್ಮನಿಗೆ, ಹೊಲದ ಮೂಲೆಯ ಒಂದು ಖೋಲಿ ಆಕೆಗೆ, ಗಿಡ ಇರುವ ತನಕ ಲಿಂಬೆಹಣ್ಣು ಆಕೆಗೆ ಎಂದು ತೀರ್ಮಾನಿಸಿದರು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಹೀಗೆ ಹಣ್ಣು ಕೊಟ್ಟು ನೆಲ ಉಳಿಸಿಕೊಳ್ಳುವುದು ಹಳೆಯ ರೂಢಿ. ವಾರಕ್ಕೆರಡು ಸಲ ಬುಟ್ಟಿ ಹೊತ್ತು ಬನಹಟ್ಟಿಗೆ ಬಸ್ ಹತ್ತುತ್ತಿದ್ದಳು.

"ಆ ಗಿಡ ಇರೂತನಕ ನಾ ಯಾರ ಮುಂದನೂ ಕೈ ಒಡ್ಡಂಗಿಲ್ಲ ಅಣ್ಣಾ. ಇನ್ನೊಂದು ರೊಟ್ಟಿ ಹಾಕಲೇನು?"

ಹಾಕಿಸಿಕೊಂಡೆ.

ಆಕೆ ಪಾತ್ರೆ ತೊಳೆಯಲು ಹೋದಾಗ ತಮ್ಮ ಬದುವಿನ ಕಡೆ ಕೈ ತೋರಿಸಿದ. "ಈಗ ಅವು."

"ಅವು ನಿಮ್ಮಕ್ಕಾರವು ಅಂತಲ್ರೀ."

"ಹಣ್ಣು ಆಕೀದು. ಗಿಡ ನಂದು, ನೆಲ ನಂದು. ಕಬ್ಬಿನ ಟ್ರೇಲರ್ ತಿರಗಾಕ ಜಾಗಾ ಬ್ಯಾಡೇನು?"

"ಹಂಗಾದ್ರ ತಾಸಿನ ಲೆಕ್ಕ ನಡ್ಯಾಂಗಿಲ್ರಿ. ಒಂದೊಂದು ಗಿಡಕ್ಕ ಇಷ್ಟು ಅಂತ ಮಾತಾಡೂಣು."

"ಯಾಕ? ಜಾಲಿಗಿಂತ ಮೆತ್ತಗ ಅದಾವು."

"ಅಳೂವರ ಮುಂದ ಮಷಿನ್ ನಡಸೂ ರೇಟs ಬ್ಯಾರೆ."

ಅವನು ನಕ್ಕು ಒಪ್ಪಿದ. ಆಕೆ ಇನ್ನೂ ಅತ್ತಿರಲಿಲ್ಲ. ಅಳುತ್ತಾಳೆಂದು ತಿಳಿದು ನಾನು ಮೊದಲೇ ದರ ಕಟ್ಟಿದ್ದೆ.

ಮೊದಲ ಗಿಡದ ಬುಡಕ್ಕೆ ಹಲ್ಲು ಇಳಿಯುತ್ತಲೇ ಆಕೆ ಒದ್ದೆ ಕೈಯಲ್ಲಿ ಓಡಿ ಬಂದಳು. ನಾನು ತಪ್ಪು ತಿಳಿದಿದ್ದೇನೆ ಎಂದುಕೊಂಡಿದ್ದಳು.

"ಅಣ್ಣಾ, ಅದಲ್ಲ, ಅದಲ್ಲ. ಅದು ಜಾಲಿ ಅಲ್ಲ."

"ಜಾಲಿ ಅಲ್ಲಂತ ಅವರಿಗೂ ಗೊತ್ತೈತಿ ತಗೋ," ಎಂದ ತಮ್ಮ.

ಗಿಡ ಒಮ್ಮೆ ನಡುಗಿ, ಬೇರು ಪಟಪಟ ಹರಿದು ಮೇಲೆ ಬಂತು. ಕಾಯಿ ಮಷಿನ್ನಿನ ಮುಂದೆಲ್ಲ ಉದುರಿದವು.

"ತಮ್ಮಾ, ಪಂಚರು ಹೇಳಿದ್ರಲ್ಲೋ."

"ಏನ್ ಹೇಳ್ಯಾರ? ಗಿಡ ಇರೂತನಕ ಅಂದಾರ. ಇನ್ನ ಮ್ಯಾಲ ಇರಂಗಿಲ್ಲ. ಅವರ ಮಾತು ಎಲ್ಲಿ ಮುರದೀನಿ ನಾ?"

ಎರಡನೆಯದು ಬೀಳುವಾಗ ಆಕೆ "ನಾಕಾದ್ರೂ ಬಿಡು" ಎಂದಳು. ನಾಲ್ಕನೆಯದಕ್ಕೆ "ಎರಡಾದ್ರೂ ಬಿಡೋ". ಆರನೆಯದು ಉರುಳಿದಾಗ "ಒಂದಾದ್ರೂ". ಎದುರಿನವನು ಬಾಯಿ ಬಿಡುವ ಮೊದಲೇ ತಾನೇ ಇಳಿಯುತ್ತ ಹೋದಳು. ಅಂಥ ಚೌಕಾಸಿಯನ್ನು ನಾನು ಬಹಳ ನೋಡಿದ್ದೇನೆ. ಅದಕ್ಕೆ ತಳ ಇರುವುದಿಲ್ಲ.

ಕೊನೆಯ ಗಿಡಕ್ಕೆ ಬಂದಾಗ ಆಕೆ ತಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಅಣ್ಣಾ, ಇದನ್ನ ಮಣ್ಣ ಸಹಿತ ಎತ್ತಿ ನನ್ನ ಖೋಲಿ ಹಿಂದ ಇಡಾಕ ಬರ್ತೈತೇನು?"

"ಬರ್ತೈತಿ," ಎಂದೆ.

"ಆಕೀ ರೊಕ್ಕ ಕೊಟ್ರ ಇಡ್ರಿ," ಎಂದ ತಮ್ಮ. "ನನ್ನ ಮ್ಯಾಲ ಹಚ್ಚಬ್ಯಾಡ್ರಿ."

ಆಕೆ ಸೆರಗಿನ ಗಂಟು ಬಿಚ್ಚಿದಳು. ಆರು ನೂರು ರೂಪಾಯಿ ಇತ್ತು. ತೆಗೆದುಕೊಂಡೆ. ಪಂಜಾ ಗಿಡವನ್ನು ಎತ್ತುವ ಸಾಮಾನಲ್ಲ, ಹರಿಯುವ ಸಾಮಾನು ಎಂಬುದು ನನಗೆ ಗೊತ್ತಿತ್ತು. ಸುಡುವ ಬಿಸಿಲು, ಗಿಡದ ತುಂಬ ಕಾಯಿ, ದವಡೆಯಲ್ಲಿ ಸುಲಿದ ತೊಗಟೆ. ಇಡಲು ಬರುತ್ತದೆಯೇ ಎಂದು ಆಕೆ ಕೇಳಿದ್ದಳು. ಬದುಕುತ್ತದೆಯೇ ಎಂದು ಕೇಳಿರಲಿಲ್ಲ. ಗುಂಡಿ ತೋಡಿ, ಗಿಡ ನಿಲ್ಲಿಸಿ, ಮಣ್ಣು ಎಳೆದು ಬಂದೆ.

ಮೂರು ವಾರದ ಮೇಲೆ ಚಿಕ್ಕಪಡಸಲಗಿಯ ಕಡೆ ಕೆಲಸ ಮುಗಿಸಿ ಬರುವಾಗ ಆ ಹೊಲಕ್ಕೆ ಹೋದೆ. ತಮ್ಮನಿಂದ ಬಾಕಿ ಬರಬೇಕಿತ್ತು. ಖೋಲಿಯ ಹಿಂದೆ ಆಕೆ ಗಿಡಕ್ಕೆ ಹಳೆ ಸೀರೆಯ ನೆರಳು ಕಟ್ಟಿ ಕೊಡದಿಂದ ನೀರು ಹನಿಸುತ್ತಿದ್ದಳು. ಎಲೆಯೆಲ್ಲ ಕಂದಾಗಿತ್ತು.

"ಈ ಟೊಂಗಿ ಹಸರ ಐತಿ ನೋಡಣ್ಣಾ."

ಬಗ್ಗಿಸಿದೆ. ಲಟಕ್ಕನೆ ಮುರಿಯಿತು.

"ನೀರು ಸುಮ್ನ ಹಾಕಾಕತ್ತೀರಿ," ಎಂದೆ. ಆಕೆ ಮುರಿದ ಟೊಂಗೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕೊಡದಲ್ಲಿ ಉಳಿದ ನೀರನ್ನೂ ಗಿಡಕ್ಕೇ ಹಾಕಿದಳು. ಆರು ನೂರನ್ನು ನಾನು ತಿರುಗಿ ಕೊಡಲಿಲ್ಲ. ಆಕೆ ಕೇಳಲಿಲ್ಲ.

ಈಗ ಆಕೆ ಕಬ್ಬಿನ ಕಳೆ ತೆಗೆಯಲು ಹೋಗುತ್ತಾಳೆ, ತಮ್ಮನ ಹೊಲಕ್ಕೂ. ಕೂಲಿ ಎಲ್ಲರಿಗೆ ಕೊಟ್ಟಷ್ಟೇ.

ಗಿಡ ಸರಿಸಬೇಕೆಂದರೆ ಮಳೆ ಹಿಡಿದ ಮೇಲೆ ಸರಿಸಿ. ಕಾಯಿ ಎಲ್ಲ ತೆಗೆದು, ಟೊಂಗೆಯಲ್ಲಿ ಮುಕ್ಕಾಲು ಪಾಲು ಕಡಿದು ಹಾಕಿ. ಎರಡು ದಿನ ಮೊದಲು ಬುಡಕ್ಕೆ ನೀರು ಬಿಡಿ, ಸುತ್ತ ಕೈಯಿಂದ ಅಗೆಯಿರಿ, ಮಣ್ಣಿನ ಗಡ್ಡೆಯನ್ನು ತೊಯ್ದ ಗೋಣಿಯಲ್ಲಿ ಕಟ್ಟಿ ಬಕೆಟ್ಟಿನಿಂದ ಎತ್ತಿಸಿ. ಪಂಜಾದಿಂದ ಎತ್ತುತ್ತೇನೆ ಎನ್ನುವವನನ್ನು ಬದುವಿನಿಂದಲೇ ಕಳಿಸಿಬಿಡಿ. ಅರ್ಧ ದುಡ್ಡನ್ನು ಹೊಸ ಚಿಗುರು ಬರುವ ತನಕ ಕೊಡಬೇಡಿ. ಹಾಗೆಂದಾಗ ಅವನು ಒಪ್ಪುತ್ತಾನೋ ಇಲ್ಲವೋ ನೋಡಿದರೆ ಗಿಡ ಬದುಕುತ್ತದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ತವರಿನ ಪಾಲಿಗೆ ಕೂತ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಹಣ್ಣು ಕೊಡುತ್ತೇವೆ ಎಂದರೆ ಒಪ್ಪಬೇಡಿ, ಗಿಡ ಕೊಡುತ್ತೇವೆ ಎಂದರೂ ಒಪ್ಪಬೇಡಿ. ಎಷ್ಟೇ ಸಣ್ಣ ತುಂಡಾಗಲಿ, ಬುಡದ ನೆಲ ಕೇಳಿ, ನೋಂದಣಿ ಮಾಡಿಸಿ, ಪಹಣಿ ಉತಾರದಲ್ಲಿ ನಿಮ್ಮ ಹೆಸರು ಬಂದಿದ್ದನ್ನು ಕಣ್ಣಾರೆ ಓದಿ, ಆಮೇಲೆ ಚಾಪೆಯಿಂದ ಏಳಿ. ಓದಲು ಬಾರದಿದ್ದರೆ ತಮ್ಮನಿಂದ ಓದಿಸಬೇಡಿ.