ಕುಸುಬಿ ಕೆಂಪಿನ ಅಂಗಿಗಳು

ನಾನು ಹುಬ್ಬಳ್ಳಿಯಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದವನು. ಅಪ್ಪನೂ ಅದನ್ನೇ ಮಾಡಿದ, ಅವನ ಅಪ್ಪನೂ. ಮೊಣಕೈವರೆಗೆ ನನ್ನ ಕೈ ಯಾವತ್ತೂ ಯಾವುದೋ ಒಂದು ಬಣ್ಣದಲ್ಲಿ ಇರುತ್ತಿತ್ತು. ಇಂಥವನಿಗೆ ಫುಟ್ಬಾಲಿನ ಹುಚ್ಚು ಯಾಕೆ ಹಿಡಿಯಿತು ಎಂದು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಚೆಂಡು ಒದ್ದವನಲ್ಲ. ಒಮ್ಮೆ ಒದೆಯಲು ಹೋಗಿ ಹೆಬ್ಬೆರಳು ಉಳುಕಿ ಎಂಟು ದಿನ ಕುಂಟಿದ್ದೆ, ಅಷ್ಟೇ. ಆದರೆ ನಮ್ಮ ಓಣಿಯ ತಂಡ ಆಡುವ ರವಿವಾರ ಹಂಡೆಯ ಕೆಳಗಿನ ಬೆಂಕಿ ಆರಿಸಿ ಮೈದಾನಕ್ಕೆ ಓಡುತ್ತಿದ್ದೆ. ಗಿರಾಕಿಗಳು ಬಾಗಿಲು ಬಡಿದು ಬೈದುಕೊಂಡು ಹೋಗುತ್ತಿದ್ದರು.

ಆಗ ಊರಿನ ತಂಡಗಳಿಗೆ ಎರಡು ದರ್ಜೆ ಇದ್ದವು. ಮೊದಲ ದರ್ಜೆಯಲ್ಲಿ ಕಟ್ಟಕಡೆಗೆ ಉಳಿದ ತಂಡ ಮರುವರ್ಷ ಎರಡನೇ ದರ್ಜೆಗೆ ಇಳಿಯಬೇಕು. ನಮ್ಮ ತಂಡ ಆ ಬೇಸಿಗೆಯಲ್ಲಿ ಇಳಿಯುವ ಅಂಚಿನಲ್ಲೇ ನಿಂತಿತ್ತು. ಕೊನೆಯ ಪಂದ್ಯ ಗೆದ್ದರೆ ಉಳಿವು, ಸೋತರೆ ಇಳಿವು. ಅದೇ ಹೊತ್ತಿಗೆ ಖಾದಿಯ ಹುಮ್ಮಸ್ಸು ಊರಿಗೆಲ್ಲ ಹತ್ತಿತ್ತು. ನಮ್ಮ ಕಪ್ತಾನ ಹತ್ತಿ ವ್ಯಾಪಾರದ ಲಿಂಗವಂತರ ಮನೆಯ ಮಗ, ಎಡಗಾಲಿನ ಬಿರುಸಿಗೆ ಹೆಸರಾದವನು. ಹುಮ್ಮಸ್ಸು ಅವನಿಗೆ ಎಲ್ಲರಿಗಿಂತ ತುಸು ಜಾಸ್ತಿಯೇ. ಗಿರಣಿ ಬಟ್ಟೆಯವು ಎಂದು ತಂಡದ ಹಳೇ ಅಂಗಿಗಳನ್ನೆಲ್ಲ ಅವನು ಸುಟ್ಟೇ ಬಿಟ್ಟಿದ್ದ. ಗುರುವಾರ ಸಂಜೆ ಹನ್ನೊಂದು ಬಿಳಿ ಅಂಗಿಗಳ ಗಂಟು ಹೊತ್ತು ನನ್ನ ಅಂಗಳಕ್ಕೆ ಬಂದ.

“ಸಾಬರ, ಗರಗದ ಖಾದಿ ಇದು. ರವಿವಾರಕ್ಕ ಕೆಂಪಗ ಮಾಡಿ ಕೊಡ್ರಿ.”

“ಪುಡಿ ಬಣ್ಣ ಐತಿ ಕಪ್ತಾನ್ರ. ನಾಳೆ ಸಂಜೀಕ ಕೊಡ್ತೇನಿ.”

“ಪರದೇಶದ ಪುಡಿ ಬ್ಯಾಡ್ರಿ. ಅಂಗಿ ನಮ್ದು, ಬಣ್ಣ ಅವರ್ದು ಆದ್ರ ಏನ್ ಬಂತು?”

ಮಂಜಿಷ್ಠ ಬೇರಿನ ಕೆಂಪು ಗಟ್ಟಿ ಬಣ್ಣ. ಆದರೆ ಪಟಿಕದ ನೀರಿನಲ್ಲಿ ನೆನೆಸಿ, ಒಣಗಿಸಿ, ಕುದಿಸಿ ಮುಗಿಸಲು ಎಂಟು ದಿನ ಬೇಕು. ಆಗುವುದಿಲ್ಲ ಎಂದು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಇಷ್ಟು ವರ್ಷ ಅಂಚಿನಲ್ಲಿ ಕೂತು ಕೂಗಿದವನನ್ನು ತಂಡ ಮೊದಲ ಸಲ ಏನೋ ಕೇಳಿಕೊಂಡು ಬಂದಿತ್ತು. ನಾನು ಉಬ್ಬಿಹೋದೆ. “ಆಗ್ತೈತಿ, ಬಿಡ್ರಿ” ಎಂದೆ.

ಉಳಿದದ್ದು ಕುಸುಬಿ ಹೂವು. ನಮ್ಮ ಕಡೆ ಮದುಮಗನ ರುಮಾಲಿಗೆ ಹಾಕುವ ಬಣ್ಣ ಅದು. ಎಸಳಿನ ಹಳದಿಯನ್ನೆಲ್ಲ ತೊಳೆದು ತೆಗೆದು, ಸವಳು ಮಣ್ಣಿನ ನೀರಿನಲ್ಲಿ ಹಿಂಡಿ, ಮೇಲೆ ನಿಂಬೆರಸ ಬಿಟ್ಟರೆ ಕಣ್ಣು ಕುಕ್ಕುವ ಕೆಂಪು ಬರುತ್ತದೆ. ಒಂದು ಮದುವೆ ಮುಗಿಯುವ ತನಕ ಇದ್ದರೆ ಸಾಕು, ನೀರು ಬಿದ್ದರೆ ಇಳಿಯುತ್ತದೆ. ಯಾವ ಬಣ್ಣಗಾರನಿಗೆ ಇದು ಗೊತ್ತಿಲ್ಲ? ನನಗೂ ಗೊತ್ತಿತ್ತು. ಆಕಾಶ ನೋಡಿದೆ, ಒಂದು ಮೋಡ ಇರಲಿಲ್ಲ. ಒಂದೇ ಪಂದ್ಯ ತಾನೆ ಎಂದುಕೊಂಡೆ.

ರವಿವಾರ ನಮ್ಮವರು ಮೈದಾನಕ್ಕೆ ಇಳಿದಾಗ ಜನ ಹೋ ಎಂದರು. ಎದುರಿನವರದು ಬಿಳಿ ಅಂಗಿ. ನಮ್ಮ ಹನ್ನೊಂದೂ ಮಂದಿ ಮದುಮಕ್ಕಳ ಹಾಗೆ ಝಗಝಗ. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಆಟದ ಮೊದಲ ಭಾಗ ನಾನು ಚೆಂಡನ್ನು ನೋಡಲೇ ಇಲ್ಲ, ಅಂಗಿಗಳನ್ನೇ ನೋಡಿದೆ.

ಆಮೇಲೆ ಎಲ್ಲಿತ್ತೋ ಏನೋ, ಅಡ್ಡಮಳೆ ಹೊಡೆಯಿತು. ಕೆಂಪು ಮೊದಲು ಚಡ್ಡಿಗೆ ಇಳಿಯಿತು, ಆಮೇಲೆ ಮೊಣಕಾಲಿಗೆ. ನನ್ನ ಪಕ್ಕದವನು “ರಕ್ತ, ರಕ್ತ!” ಎಂದು ಎದ್ದು ನಿಂತ. ನಾನು ತಲೆ ತಗ್ಗಿಸಿದೆ. ತಲೆ ಎತ್ತುವಷ್ಟರಲ್ಲಿ ಅಂಗಿಗಳು ಹೊಲಸು ಬಿಳುಪಾಗಿ, ಎರೆಮಣ್ಣು ಮೆತ್ತಿ, ನಮ್ಮವರು ಯಾರು ಅವರು ಯಾರು ಒಂದೂ ತಿಳಿಯದಂತಾಗಿತ್ತು. ನಮ್ಮವನೊಬ್ಬ ಚೆಂಡನ್ನು ಸೀದಾ ಎದುರಾಳಿಯ ಕಾಲಿಗೆ ಕೊಟ್ಟ. ಎರಡು ಗೋಲಿನಿಂದ ಸೋತೆವು. ನಮ್ಮ ತಂಡ ಇಳಿಯಿತು.

ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಒಬ್ಬ ರೆಫರಿಯನ್ನು ಬೈದ, ಇನ್ನೊಬ್ಬ ಕೆಸರನ್ನು ಬೈದ. ಕಪ್ತಾನ ಸುಮ್ಮನೆ ಅಂಗಿಗಳನ್ನು ಹಿಂಡಿ ಗಂಟು ಕಟ್ಟಿದ. ನಾನೂ ಬಾಯಿ ಬಿಡಲಿಲ್ಲ. ಮರುವರ್ಷದ ಹೊತ್ತಿಗೆ ಓಣಿಯ ಅರ್ಧ ಜನ ಗೆಲ್ಲುವ ತಂಡದ ಕಡೆ ಕೂತು ಅವರಿಗೇ ಚಪ್ಪಾಳೆ ಹೊಡೆಯತೊಡಗಿದರು.

ಎರಡನೇ ದರ್ಜೆಯ ಪಂದ್ಯಗಳು ಊರ ಹೊರಗೆ ಉಣಕಲ್ಲಿನ ಕಡೆ ಒಂದು ಕಲ್ಲು ನೆಲದಲ್ಲಿ ನಡೆಯುತ್ತಿದ್ದವು. ನಾನು ನಡೆದೇ ಹೋಗುತ್ತಿದ್ದೆ. ಎಷ್ಟೋ ಸಲ ನೋಡುವವನು ನಾನೊಬ್ಬನೇ, ಇನ್ನುಳಿದದ್ದು ಎಮ್ಮೆಗಳು. ಒಂದು ದಿನ ನಮ್ಮವರು ಒಂಬತ್ತೇ ಜನ ಬಂದಿದ್ದರು. ನಾನು ಹನ್ನೊಂದು ಜನರಿಗೆ ಆಗುವಷ್ಟು ಕೂಗಿದೆ. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಹೆಂಡತಿಯ ಮಾತನ್ನು ಕನ್ನಡಕ್ಕೆ ತಂದರೆ ಖಾರ ಕಡಿಮೆಯಾಗುತ್ತದೆ. “ಸೋಲೂದು ನೋಡಾಕ ಅಷ್ಟು ದೂರ ಯಾಕ ಹೋಗ್ತೀರಿ? ಮನ್ಯಾಗ ನನ್ನ ಕೂಡ ವಾದಾ ಮಾಡ್ರಿ, ದಿನಾ ಸೋಲ್ತೀರಿ” ಎನ್ನುತ್ತಿದ್ದಳು.

ಓಣಿಯವರು ನನ್ನ ನಿಷ್ಠೆಯನ್ನು ಹೊಗಳುತ್ತಿದ್ದರು. ಹೊಗಳಿದಾಗೆಲ್ಲ ನಾನು ಮಾತು ಬದಲಿಸುತ್ತಿದ್ದೆ. ನಾನು ಮುಳುಗಿಸಿದ ತಂಡ, ಅದಕ್ಕೇ ಹೋಗುತ್ತೇನೆ ಎಂದು ಒಂದು ಮನಸ್ಸು ಹೇಳುತ್ತಿತ್ತು. ಹಾಗಿದ್ದರೆ ಗೋಲು ಆದಾಗ ಕುಣಿಯುವುದು ಯಾಕೆ ಎಂದು ಇನ್ನೊಂದು ಕೇಳುತ್ತಿತ್ತು. ತಪ್ಪು ತೀರಿಸಲು ಹೋದವನು ಕುಣಿಯುತ್ತಾನೆಯೇ?

ಎರಡು ವರ್ಷ ಹೀಗೇ ಕಳೆಯಿತು. ಮೂರನೇ ವರ್ಷ ತಡೆಯಲಾಗದೆ ನಾನೇ ಆ ಅಂಗಿಗಳನ್ನು ಕೇಳಿ ತಂದೆ. ಎಂಟು ದಿನ ಹಿಡಿದು ಮಂಜಿಷ್ಠದ ಬಣ್ಣ ಹಾಕಿದೆ. ಕಪ್ತಾನನ ಮನೆಯ ಕಟ್ಟೆಯ ಮೇಲೆ ಗಂಟು ಇಟ್ಟು, ಅವನ ಮುಖ ನೋಡದೆ ಎಲ್ಲ ಹೇಳಿದೆ.

ಅವನು ನಕ್ಕ. “ನಮ್ಮ ಹಳ್ಳಿ ಹೆಬ್ಬಳ್ಳ್ಯಾಗ ಹೊಲದ ತುಂಬ ಕುಸುಬಿ ಸಾಬರ. ಅಂಗಿ ಕೈಯಾಗ ಹಿಡದ ಕೂಡ್ಲೇ ಗೊತ್ತಾಗಿತ್ತು.”

“ಮತ್ತ ಯಾಕ ಹಾಕ್ಕೊಂಡ್ರಿ?”

“ಬ್ಯಾರೆ ಅಂಗಿ ಎಲ್ಲಿದ್ದೂವ್ರಿ? ನಾನ ಸುಟ್ಟಿದ್ನಲ್ಲ.” ಗಂಟು ಬಿಚ್ಚುತ್ತ ಹೇಳಿದ, “ಆದ್ರ ಆ ಎರಡೂ ಗೋಲು ಮಳಿ ಬರೂದಕ್ಕಿಂತ ಮೊದ್ಲ ಆಗಿದ್ವು. ನಿಮಗ ನೆನಪಿಲ್ಲೇನು?”

ನನಗೆ ನೆನಪಿರಲಿಲ್ಲ. ಮೊದಲ ಭಾಗದಲ್ಲಿ ನಾನು ನೋಡಿದ್ದು ಅಂಗಿಗಳನ್ನು ಮಾತ್ರ, ಮಳೆ ಬಂದ ಮೇಲೆ ನೋಡಿದ್ದು ಇಳಿಯುವ ಬಣ್ಣವನ್ನು. ಹಗುರವಾಗಬೇಕಾದ ಮನಸ್ಸಿಗೆ ಸಿಟ್ಟು ಬಂತು. ಸಮಾಧಾನಕ್ಕೆ ಹೇಳಿದನೋ, ಖರೇ ಹೇಳಿದನೋ? ದಾರಿಯಲ್ಲಿ ನಮ್ಮ ಗೋಲು ಕಾಯುವವನನ್ನು ಹಿಡಿದು ಕೇಳಿದೆ. ಅವನು ಸೈಕಲ್ ರಿಪೇರಿ ಮಾಡುತ್ತಿದ್ದ. ತಲೆ ಎತ್ತದೆ “ಒಂದು ಮೊದ್ಲ, ಒಂದು ಆಮ್ಯಾಲ” ಎಂದ. ಗೋಲು ಬಿಟ್ಟುಕೊಟ್ಟವನಿಗೇ ನೆಟ್ಟಗೆ ಗೊತ್ತಿಲ್ಲದಿದ್ದರೆ ಇನ್ನು ಯಾರನ್ನು ಕೇಳಲಿ?

ಮುಂದಿನ ರವಿವಾರ ನಾನು ಹೋಗಲಿಲ್ಲ. ತಪ್ಪೇ ನನ್ನದಲ್ಲದಿದ್ದರೆ ಆ ಎಮ್ಮೆಗಳ ನಡುವೆ ನನಗೇನು ಕೆಲಸ? ಹಂಡೆಯ ಮುಂದೆ ಕೂತೆ. ಒಂದು ಸೀರೆಯನ್ನು ನೀಲಿಗೆ ಅದ್ದುವ ಬದಲು ಹಸಿರಿಗೆ ಅದ್ದಿದೆ. ಹೆಂಡತಿ ಸೀರೆ ನೋಡಿದಳು, ನನ್ನನ್ನು ನೋಡಿದಳು. ಚಪ್ಪಲಿ ತಂದು ಕಾಲ ಹತ್ತಿರ ಇಟ್ಟಳು.

ಹಸಿರು ಕೈಗಳಲ್ಲೇ ಓಡಿದೆ. ನಾನು ಮೈದಾನ ಮುಟ್ಟುವಾಗ ಆಟ ಅರ್ಧ ಮುಗಿದಿತ್ತು. ಕಪ್ತಾನ ದೂರದಿಂದಲೇ ಕೈ ಎತ್ತಿದ. ಅವತ್ತೂ ಮಳೆ ಬಂತು. ಅಂಗಿಗಳು ಕೆಂಪಗೇ ಇದ್ದವು, ನಮ್ಮವರು ಒಬ್ಬರಿಗೊಬ್ಬರು ಚೆನ್ನಾಗಿಯೇ ಕಾಣುತ್ತಿದ್ದರು, ಆದರೂ ಮೂರು ಗೋಲಿನಿಂದ ಸೋತೆವು. ನಾನು ತೊಯ್ದು ತೊಪ್ಪೆಯಾಗಿ, ಕೂಗಿ ಕೂಗಿ ಗಂಟಲು ಕೆಡಿಸಿಕೊಂಡು ಮನೆಗೆ ಬಂದೆ. ಬಾಗಿಲಲ್ಲಿ ನಿಂತ ಹೆಂಡತಿ ನನ್ನ ಮುಖ ನೋಡಿ, “ಇವತ್ತು ಗೆದ್ರೀ ಏನು?” ಎಂದು ಕೇಳಿದಳು.