ಅಪ್ಪನ ಬಂದೂಕಿಗೆ ನಾವು ಹೇಳಿದ ಸಾಕ್ಷಿ

ಆಗೆಲ್ಲ ಆದೋನಿಯ ನಮ್ಮ ಓಣಿಗೆ ಹತ್ತಿ ಸುಗ್ಗಿ ಬಂದದ್ದು ಮೂಗಿಗೇ ಗೊತ್ತಾಗುತ್ತಿತ್ತು. ಮಿಲ್ಲಿನ ಕಡೆಯಿಂದ ಹತ್ತಿಕಾಳಿನ ಎಣ್ಣೆವಾಸನೆ, ಮೂಲೆಯ ಅಂಗಡಿಯಿಂದ ಉಗ್ಗಾನಿ-ಬಜ್ಜಿಯ ಘಮ. ನಾವು ಹುಡುಗಿಯರು ಹತ್ತಿ ತುಂಬಿದ ಅಂಡಿಗೆಗಳ ಮೇಲಿಂದ ಜಿಗಿಯುತ್ತಾ ತಲೆತುಂಬ ಬಿಳಿ ಎಳೆ ಮೆತ್ತಿಕೊಂಡು ಮನೆಗೆ ಹೋಗಿ ಬೈಸಿಕೊಳ್ಳುತ್ತಿದ್ದೆವು.

ಅಪ್ಪ ಆಸ್ಪರಿ ಕಡೆಯ ಹಳ್ಳಿಗಳಲ್ಲಿ ಹತ್ತಿ ಕೊಳ್ಳುತ್ತಿದ್ದ. ರೈತರಿಗೆ ಕೊಡುವ ನಗದನ್ನು ಬೈಕಿನಲ್ಲಿ ಒಬ್ಬನೇ ಒಯ್ಯುತ್ತಿದ್ದ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಹಳ್ಳದ ಸೇತುವೆ ಮೇಲೆ ಇಬ್ಬರು ಅಡ್ಡಗಟ್ಟಿ, ಭುಜಕ್ಕೆ ಮಚ್ಚು ಬೀಸಿ, ಚೀಲ ಕಿತ್ತುಕೊಂಡು ಹೋದರು. ಹೊಲಿಗೆ ಬಿಚ್ಚಿದ ಮೇಲೆ ಅಪ್ಪ ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಿದ.

"ಬಂದೂಕು ಬ್ಯಾಡ್ರಿ, ಈ ಧಂದೆನೇ ಬಿಡ್ರಿ" ಎಂದಳು ಅವ್ವ.

"ಬಿಟ್ಟು ಏನ್ ತಿನ್ನೂಣು?"

ವಿಚಾರಣೆಗೆ ಪೊಲೀಸ್ ಬಂದ ದಿನ ಅಪ್ಪ ಊರಲ್ಲಿರಲಿಲ್ಲ. ನಮ್ಮ ಓಣಿಯಲ್ಲಿ ಹೊರಗಿನವರು ಬಂದು ಒಂದು ಮನೆಯ ಬಗ್ಗೆ ಕೇಳಿದರೆ ಅದು ಸಂಬಂಧ ಕುದುರಿಸಲಿಕ್ಕೇ. ಆಗ ಬರೀ ಒಳ್ಳೆಯದನ್ನೇ ಹೇಳಬೇಕು. ಬಂದೂಕಿನ ವಿಷಯ ಅಂತ ಆತ ಹೇಳಿದರೂ ಪಕ್ಕದ ಮನೆ ಗಂಗಮ್ಮತ್ತೆಯ ನಾಲಿಗೆ ರೂಢಿಯ ದಾರಿಯನ್ನೇ ಹಿಡಿಯಿತು.

"ಸಾವ್ಕಾರ್ರಿಗೆ ಯಾರದರ ಭಯ ಐತೇನಮ್ಮ?"

"ಭಯಾನಾ! ಅಂಥ ದೇವ್ರಂಥ ಮನುಷ್ಯಾಗ ಯಾರು ಕೈ ಮಾಡ್ತಾರ ಸಾರ್? ಒಬ್ಬ ಶತ್ರು ಇಲ್ಲ."

"ಮತ್ತ ಭುಜದ ಗಾಯ?"

"ಅವರ‍್ಯಾರೋ ದಾರಿಗಳ್ಳರು, ಬಿಡ್ರಿ."

ಆತ ನನ್ನ ಕಡೆ ತಿರುಗಿದ. "ನಿಮ್ಮ ನಾಯ್ನ ಹೆದರ್ತಾನಾ, ಪಾಪಾ?"

"ನಮ್ಮಪ್ಪ ಯಾರಿಗೂ ಹೆದರೂದಿಲ್ಲ" ಎಂದೆ, ಎದೆ ಸೆಟೆಸಿ.

ಕೆಲವು ವಾರಗಳಲ್ಲಿ ಕಾಗದ ಬಂತು. ಜೀವಕ್ಕೆ ಅಪಾಯ ಇರುವುದು ಕಂಡುಬಂದಿಲ್ಲ, ಲೈಸೆನ್ಸ್ ಇಲ್ಲ. ಅಪ್ಪ ಎರಡು ಸಲ ಓದಿ ಮಡಚಿಟ್ಟ. ವಿಷಯ ತಿಳಿದ ಗಂಗಮ್ಮತ್ತೆ ಓಡಿಬಂದಳು. "ನನ್ನ ನಾಲಿಗಿಗೆ ಬರಿ ಹಾಕ್ರಿ ಅಣ್ಣಾ!" ನಾನೂ ಬಾಯಿಬಿಟ್ಟಿದ್ದೆನೆಂದು ಯಾರಿಗೂ ಹೇಳಲಿಲ್ಲ.

ಅತ್ತೆಯ ಗಂಡ ಈರಣ್ಣಮಾವ ಬೋರ್‌ವೆಲ್ ಮೋಟರ್ ರಿಪೇರಿ ಮಾಡುತ್ತಾ ಸುತ್ತಲಿನ ಹಳ್ಳಿಗಳ ಮನೆಮನೆ ಬಲ್ಲವನು. "ಹೆಂಡ್ತಿ ಬಂದೂಕು ಕಳದಾಳ, ನಾಳಿಂದ ನಾನೇ ಬಂದೂಕು. ಹಿಂದ ಕುಂದರ್ತೀನಿ, ನಡೀರಿ" ಎಂದ. ಹೇಳಿದಂತೆ ಸುಗ್ಗಿ ಮುಗಿಯುವವರೆಗೂ ಅಂಗಡಿಗೆ ಬೀಗ ಹಾಕಿ ಅಪ್ಪನ ಜೊತೆ ಹೋದ. ಆದರೂ ಬೈಕಿನ ಸದ್ದು ಕೇಳುವ ತನಕ ಅವ್ವ ಬಾಗಿಲು ಬಿಟ್ಟು ಒಳಗೆ ಬರುತ್ತಿರಲಿಲ್ಲ.

ಒಂದು ದಿನ ಅದೇ ಸೇತುವೆ ಮೇಲೆ ಮುಖಕ್ಕೆ ಟವೆಲ್ ಸುತ್ತಿಕೊಂಡ ಒಬ್ಬ ರಸ್ತೆಗೆ ಅಡ್ಡ ನಿಂತನಂತೆ. ಅಪ್ಪ ಬ್ರೇಕ್ ಹಾಕಿದ. ಹಿಂದಿನಿಂದ ಮಾವ ಆತನ ನಿಲುವಿನಲ್ಲೇ ಗುರುತು ಹಿಡಿದು ಕೂಗಿದ: "ಲೇ, ನೀ ನರಸಮ್ಮನ ಮಗ ಅಲ್ಲೇನೋ? ನಿಮ್ಮವ್ವನ ಕಾಲುನೋವು ಕಡಿಮಿ ಆತೇನೋ?"

ಆತ ಮುಖದ ಟವೆಲ್ ಸಡಿಲಿಸಿದ. ಆಮೇಲೆ "ಆಗೇತಿ ಮಾವ" ಎಂದು ಪಕ್ಕಕ್ಕೆ ಸರಿದ.

ಇದನ್ನು ಹೇಳುವಾಗ ರೊಟ್ಟಿ ಮುರಿಯುತ್ತಿದ್ದ ಅಪ್ಪನ ಕೈ ನಿಂತಿತು. "ಬಂದೂಕು ಇದ್ದಿದ್ರ ಹೊಡದುಬಿಡ್ತಿದ್ದೆ. ಆಕಿ ಮಗನ್ನ."

ಹಾಗೆಂದು ಆ ಕಾಗದ ನ್ಯಾಯವಾಗಿತ್ತು ಎನ್ನಲಾರೆ. ಗಾಯಗೊಂಡವನು ರಕ್ಷಣೆ ಕೇಳಿದಾಗ ಕಾನೂನು ಶತ್ರುವಿನ ಹೆಸರು ಕೇಳಿತು. ಕಳ್ಳ ಹೆಸರು ಹೇಳಿ ಹೋಗುವುದಿಲ್ಲ, ಎಲ್ಲರ ಬೈಕಿನ ಹಿಂದೆ ಈರಣ್ಣಮಾವ ಇರುವುದೂ ಇಲ್ಲ. ನಮ್ಮಪ್ಪನ ಹಿಂದೆ ಇದ್ದ. ಅಪ್ಪ ಇವತ್ತಿಗೂ ನಮ್ಮ ಜೊತೆ ಕೂತು ಉಣ್ಣುತ್ತಾನೆ. ಮಾವ ತೀರಿಕೊಂಡು ಮೂರು ವರ್ಷವಾಯಿತು. ಈ ಋಣದ ಮಾತನ್ನು ಅವನಿದ್ದಾಗ ಆಡಲಿಲ್ಲ. ಆಡಿದ್ದರೆ ನಕ್ಕುಬಿಡುತ್ತಿದ್ದ.

ಆ ಸೇತುವೆಯನ್ನು ಈಗ ಅಗಲ ಮಾಡಿದ್ದಾರೆ. ದಾಟುವಾಗ ಅಲ್ಲಿ ನಿಂತವರ ಮುಖ ನೋಡುತ್ತೇನೆ. ಒಬ್ಬರ ತಾಯಿಯ ಹೆಸರೂ ನನಗೆ ಗೊತ್ತಿಲ್ಲ.